ಬಯಾಸ್ ಚಿಪ್ಪಿಗೆ ಇಟ್ಟ ಬೊಟ್ಟು

ಜಾಲಹಳ್ಳಿಯ ನಾಗಮಣಿಯವರಿಗೆ ನಂಬಿಕೆ ಎಂಬುದು ಒಗ್ಗದ ಪದಾರ್ಥ. ಹಾಲಿನವನು ಎಮ್ಮೆಯನ್ನು ಬಾಗಿಲಿಗೇ ತಂದು ಕರೆದರೂ, ಮೊದಲು ಅವನ ಪಾತ್ರೆಯನ್ನು ಬೋರಲು ಹಾಕಿಸಿ ನೋಡುತ್ತಿದ್ದರು. ಹೂವಿನವಳ ಮೊಳ ಅವರ ಲೆಕ್ಕದಲ್ಲಿ ಮೊಳವಲ್ಲ. ತಮ್ಮ ಮೊಣಕೈಯಿಂದ ಇನ್ನೊಮ್ಮೆ ಅಳೆಯದೆ ಹೂವು ಒಳಗೆ ಬರುತ್ತಿರಲಿಲ್ಲ. ಗಂಡ ಶೇಷಗಿರಿ “ಗ್ಯಾಸ್ ಆಫ್ ಮಾಡಿದೀನಿ ಕಣೇ” ಎಂದ ಮೇಲೂ, ಹತ್ತಿದ ಬಸ್ಸಿನಿಂದ ಇಳಿದು ಮನೆಗೆ ಹೋಗಿ ನೋಡಿ ಬಂದದ್ದುಂಟು. ಗ್ಯಾಸು ಆಫ್ ಆಗಿಯೇ ಇತ್ತು. ಅದಕ್ಕೆ ಅವರಿಗೇನೂ ನಾಚಿಕೆಯಾಗಲಿಲ್ಲ. “ನೋಡಿದ್ಮೇಲೆ ತಾನೆ ಗೊತ್ತಾಗಿದ್ದು?” ಎಂದರು.

ಇದಕ್ಕೆ ಅವರೊಬ್ಬರನ್ನೇ ಬೈಯುವುದು ನ್ಯಾಯವಲ್ಲ. ಹನ್ನೆರಡು ವರ್ಷ ಅವರು ಜಾಲಹಳ್ಳಿಯ ಒಂದು ದೊಡ್ಡ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕೂತವರು. ಬೇರೆ ಹೆಣ್ಣುಮಕ್ಕಳು ಬೆಸುಗೆ ಹಾಕಿ ಕಳಿಸಿದ ಸರ್ಕ್ಯೂಟ್ ಬೋರ್ಡನ್ನು ದೀಪದ ಕೆಳಗೆ ಹಿಡಿದು, ಅಂಟಿದಂತೆ ಕಂಡರೂ ಅಂಟದೇ ಇರುವ ಬೆಸುಗೆಯನ್ನು ಹುಡುಕುವುದು ಅವರ ಕೆಲಸ. ಅನುಮಾನ ಪಡುವುದಕ್ಕೇ ಸಂಬಳ ಕೊಟ್ಟರೆ ಯಾರು ತಾನೆ ಬಿಟ್ಟಾರು? ಅತ್ತೆ ಗೋದಮ್ಮ ಮಾತ್ರ, “ಇವಳು ಹೋದ ಜನ್ಮದಲ್ಲಿ ಪೊಲೀಸ್ ಆಗಿದ್ಳು ಕಣೋ ಶೇಷು” ಎಂದು ಮಗನಿಗೆ ಹೇಳುತ್ತಿದ್ದರು.

ಸಾವಿರದ ಒಂಬೈನೂರ ಎಂಬತ್ತೈದರಲ್ಲಿ ಆ ಕೆಲಸ ಬಿಟ್ಟು, ಯಶವಂತಪುರದಲ್ಲಿ ಕಂಪ್ಯೂಟರ್ ಜೋಡಿಸಿ ಮಾರುತ್ತಿದ್ದ ಒಂದು ಸಣ್ಣ ಕಂಪನಿಗೆ ಸೇರಿದರು. ಮಾರಿದ ಯಂತ್ರ ಕೆಟ್ಟರೆ ಹೋಗಿ ನೋಡುವ ಕೆಲಸ. ಹೋದ ಕಡೆಯೆಲ್ಲ ಮಾಲೀಕರು ಇವರ ಬೆನ್ನ ಹಿಂದೆ ಇಣುಕಿ, “ಇಂಜಿನಿಯರ್ ಬರ್ಲಿಲ್ವಾ?” ಎಂದು ಕೇಳುತ್ತಿದ್ದರು. “ಬಂದಾಯ್ತು” ಎಂದು ಹೇಳಿ ನಾಗಮಣಿ ಸ್ಕ್ರೂಡ್ರೈವರ್ ಹೊರಗೆ ತೆಗೆಯುತ್ತಿದ್ದರು. ಆ ಪ್ರಶ್ನೆ ಅವರನ್ನು ಪ್ರತಿಸಲವೂ ಚುಚ್ಚುತ್ತಿತ್ತು. ಹೊರಗೆ ತೋರಿಸಿಕೊಳ್ಳುತ್ತಿರಲಿಲ್ಲ ಅಷ್ಟೆ.

ಕೆಲಸದಲ್ಲಂತೂ ಎತ್ತಿದ ಕೈ. ಸ್ವಿಚ್ ಹಾಕಿದರೂ ಕಂಪ್ಯೂಟರ್ ಏಳುತ್ತಿಲ್ಲವೆಂದರೆ ಬೇರೆಯವರು ಎಲ್ಲವನ್ನೂ ಒಟ್ಟಿಗೆ ಕೆದಕಿ ಇನ್ನಷ್ಟು ಕೆಡಿಸುತ್ತಿದ್ದರು. ನಾಗಮಣಿ ಒಳಗಿದ್ದ ಕಾರ್ಡುಗಳನ್ನೆಲ್ಲ ಕಿತ್ತು ಪಕ್ಕಕ್ಕಿಟ್ಟು, ಬರೀ ಪವರ್ ಸಪ್ಲೈ, ತಾಯಿಬೋರ್ಡು, ಪುಟಾಣಿ ಸ್ಪೀಕರು, ಇಷ್ಟನ್ನೇ ಉಳಿಸಿ ಸ್ವಿಚ್ ಹಾಕುತ್ತಿದ್ದರು. ಆಮೇಲೆ ಒಂದೊಂದನ್ನೇ ಸೇರಿಸುತ್ತಾ ಬರುವುದು. ಯಾವುದನ್ನು ಸೇರಿಸಿದಾಗ ಯಂತ್ರ ಮುಷ್ಕರ ಹೂಡುತ್ತದೋ ಅದೇ ಕಳ್ಳ. “ಅನುಮಾನ ಪಟ್ರೆ ಒಬ್ಬೊಬ್ಬರ ಮೇಲೇ ಪಡ್ಬೇಕು, ಗುಂಪಿನ ಮೇಲಲ್ಲ” ಎನ್ನುವುದು ಅವರ ಸಿದ್ಧಾಂತ.

ಎಂಬತ್ತೇಳರ ಆಷಾಢದಲ್ಲಿ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಿಂದ ಕರೆ ಬಂತು. ಅಳತೆಯ ಗೇಜುಗಳನ್ನು ತಯಾರಿಸುವ ಶೆಡ್ಡು ಅದು. ಮಾಲೀಕ ತ್ರಿವಿಕ್ರಮ ಹೊಸ ಮಾದರಿಯ ಕೀಬೋರ್ಡ್ ತಂದಿದ್ದ. ಹಳೆಯ ಯಂತ್ರ ಅದನ್ನು ಗುರುತಿಸದೆ ಏಳುವಾಗಲೇ ತಕರಾರು ತೆಗೆದು ನಿಲ್ಲುತ್ತಿತ್ತು. ಇದಕ್ಕೆ ಬಯಾಸ್ ಬದಲಿಸಬೇಕು. ಸ್ವಿಚ್ ಹಾಕಿದೊಡನೆ ಮೊದಲು ಏನು ನೋಡಬೇಕು, ಆಮೇಲೆ ಯಾರನ್ನು ಎಬ್ಬಿಸಬೇಕು ಎಂದು ಯಂತ್ರಕ್ಕೆ ಹೇಳಿಕೊಡುವ ಪಾಠವೇ ಬಯಾಸ್. ಅದು ಒಂದು ಚಿಪ್ಪಿನೊಳಗೆ ಬರೆದಿರುತ್ತದೆ. ಆ ಕಾಲದಲ್ಲಿ ಪಾಠ ಬದಲಿಸುವುದೆಂದರೆ ಹಳೆಯ ಚಿಪ್ಪನ್ನು ಕಿತ್ತು, ಹೊಸ ಪಾಠ ಬರೆದ ಚಿಪ್ಪನ್ನು ಕೂರಿಸುವುದು.

ಆ ಚಿಪ್ಪಿನ ನೆತ್ತಿಯ ಮೇಲೆ ಒಂದು ದುಂಡನೆಯ ಗಾಜಿನ ಕಿಟಕಿ. ಅದರೊಳಗೆ ವಿಶೇಷ ದೀಪದ ಬೆಳಕು ಬಿಟ್ಟರೆ ಪಾಠ ಅಳಿಸಿಹೋಗುತ್ತದೆ, ಮತ್ತೆ ಬರೆಯಬಹುದು. ಬರೆದ ಮೇಲೆ ಕಿಟಕಿಗೆ ಕಪ್ಪು ಸ್ಟಿಕ್ಕರ್ ಅಂಟಿಸಲೇಬೇಕು. ಇಲ್ಲವಾದರೆ ಬಿಸಿಲೇ ನಿಧಾನವಾಗಿ ಪಾಠವನ್ನು ತಿಂದುಹಾಕುತ್ತದೆ.

ಅವತ್ತು ಚೀಲ ತಡಕಿದರೆ ಸ್ಟಿಕ್ಕರಿನ ಸುರುಳಿ ಇಲ್ಲ. ತ್ರಿವಿಕ್ರಮ ಪಕ್ಕದಲ್ಲಿ ನಿಂತು ಗಡಿಯಾರ ನೋಡುತ್ತಿದ್ದ. ಸ್ಟಿಕ್ಕರ್ ಮರೆತು ಬಂದೆ ಎಂದರೆ ಅವನು ‘ಹೆಂಗಸರ ಕೆಲಸ’ ಅಂದುಕೊಳ್ಳುತ್ತಾನೆಂದು ನಾಗಮಣಿಗೆ ಅನುಮಾನ. ಅವನು ನೀರು ಕುಡಿಯಲು ಆಚೆ ಹೋದದ್ದೇ ತಡ, ಹಣೆಯ ಮೇಲಿದ್ದ ಅಂಟಿಸುವ ಬೊಟ್ಟನ್ನು ಕಿತ್ತು ಕಿಟಕಿಯ ಮೇಲೆ ಒತ್ತಿದರು. ಮರೂನ್ ಬಣ್ಣದ ಮಖಮಲ್ಲಿನ ಬೊಟ್ಟು ಹೇಳಿ ಮಾಡಿಸಿದಂತೆ ಕೂತಿತು. ಮುಂದಿನ ವಾರ ಬಂದು ಸರಿಯಾದ ಸ್ಟಿಕ್ಕರ್ ಹಾಕಿದರಾಯಿತು ಎಂದುಕೊಂಡರು. ಸ್ವಿಚ್ ಹಾಕಿದಾಗ ಯಂತ್ರ ಒಮ್ಮೆ ‘ಬೀಪ್’ ಎಂದು ಎದ್ದು ಕೂತಿತು.

ಮನೆಗೆ ಬಂದಾಗ ಬರಿ ಹಣೆ ನೋಡಿ ಗೋದಮ್ಮ ಹೌಹಾರಿದರು. “ಮುತ್ತೈದೆ ಹಿಂಗಾ ಬರೋದು? ಕುಂಕುಮ ಎಲ್ಲೇ?”

“ಕಂಪ್ಯೂಟರಿಗೆ ಇಟ್ಟು ಬಂದೆ” ಎಂದರು ನಾಗಮಣಿ.

“ಅಂಟಿಸೋ ಕುಂಕುಮ ಬೇಡ ಅಂತ ಬಡ್ಕೊಂಡೆ” ಎಂದು ಗೋದಮ್ಮ ಸಂಜೆಯವರೆಗೂ ಬಡಬಡಿಸಿದರು. ಮುಂದಿನ ವಾರ ಬೇರೆ ಕಡೆ ಕೆಲಸ ಬಿತ್ತು, ಅದರ ಮುಂದಿನ ವಾರ ಇನ್ನೊಂದು ಕಡೆ. ಊರಿನ ತಪ್ಪೆಲ್ಲ ನೆನಪಿಟ್ಟುಕೊಳ್ಳುವ ನಾಗಮಣಿ ತಮ್ಮದನ್ನು ಚೊಕ್ಕಟವಾಗಿ ಮರೆತರು.

ದಸರಾ ಮುಗಿದ ವಾರ ಪೀಣ್ಯದಿಂದ ಮತ್ತೆ ಫೋನು. ಎಂಟು ದಿನದಿಂದ ಕಂಪ್ಯೂಟರ್ ಏಳುತ್ತಿಲ್ಲ. ನಾಗಮಣಿ ಹೋದಾಗ ತ್ರಿವಿಕ್ರಮ ಯಂತ್ರದ ಕಡೆ ಕೈ ತೋರಿಸಲಿಲ್ಲ, ಬಾಗಿಲು ಹಾಕಿ ಕುರ್ಚಿ ಎಳೆದುಕೊಂಡ.

“ಮೇಡಂ, ಇದು ಮಿಷಿನ್ ಕೆಟ್ಟಿರೋದಲ್ಲ, ಕೆಡಿಸಿರೋದು. ನಮ್ಮ ಸ್ಟೋರ್ ಕೀಪರ್ ಮುನಿಕೃಷ್ಣಪ್ಪ ಇದಾನಲ್ಲ, ಅವನದೇ ಕೆಲಸ.”

ಮುನಿಕೃಷ್ಣಪ್ಪ ಟಿ. ದಾಸರಹಳ್ಳಿಯವರು, ಐವತ್ತರ ಆಸುಪಾಸು. ತ್ರಿವಿಕ್ರಮನ ತಂದೆಯ ಕಾಲದಿಂದ ಸ್ಟೋರಿನ ಕೀಲಿ ಅವರ ಸೊಂಟದಲ್ಲಿತ್ತು. ಯಾವ ಬೋಲ್ಟು ಯಾವ ಗೂಡಿನಲ್ಲಿದೆ, ಎಷ್ಟಿದೆ ಎಂಬುದು ಬಾಯಿಪಾಠ. ಗೇಟಿನ ಪುಸ್ತಕ ಬರೆಯುವವರೂ ಅವರೇ. ಅದನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತೇವೆಂದಾಗ, “ನನ್ ತಲೇಲಿರೋದ್ನ ಈ ಡಬ್ಬಕ್ಯಾಕೆ ತುಂಬ್ತೀರಾ?” ಎಂದು ಕೇಳಿದ್ದರಂತೆ. ಈಗ ಆ ಮಾತೇ ಅವರ ಕುತ್ತಿಗೆಗೆ ಬಂದಿತ್ತು.

“ಅದೊಂದೇ ಆಗಿದ್ರೆ ಸುಮ್ನಿರ್ತಿದ್ದೆ” ಎಂದು ತ್ರಿವಿಕ್ರಮ ದನಿ ತಗ್ಗಿಸಿದ. “ಮಿಷಿನ್ ಏಳ್ಲಿಲ್ಲ ಅಂತ ಮೇಜಿನ ಕೆಳಗೆ ಬಗ್ಗಿ ಪ್ಲಗ್ ನೋಡಿದೆ. ಅಲ್ಲಿ ಒಂದು... ಹೆಂಗಸರ ವಸ್ತು ಬಿದ್ದಿತ್ತು. ನಮ್ಮಲ್ಲಿ ಒಬ್ಬ ಹೆಂಗಸೂ ಕೆಲಸಕ್ಕಿಲ್ಲ. ಕೀಲಿ ಇರೋದು ಅವನ ಹತ್ರ. ಭಾನುವಾರ ಒಬ್ಬನೇ ಬರ್ತಿದ್ದ. ಇನ್ನೇನು ಹೇಳ್ಲಿ?”

ಏನು ವಸ್ತು ಎಂದು ನಾಗಮಣಿ ಕೇಳಲಿಲ್ಲ, ತ್ರಿವಿಕ್ರಮ ಹೇಳಲಿಲ್ಲ. ಹೆಂಗಸಿನ ಎದುರು ಹೇಳಲು ಅವನಿಗೆ ಸಂಕೋಚ. ಮುನಿಕೃಷ್ಣಪ್ಪನವರಿಗೂ ಅವನು ಅದನ್ನು ತೋರಿಸಿರಲಿಲ್ಲವಂತೆ. ಕೀಲಿ ಕಿತ್ತುಕೊಂಡು ಗೇಟಿನ ಪಕ್ಕದ ಬೆಂಚಿನಲ್ಲಿ ಕೂರಿಸಿದ್ದ. ಆದರೆ ಲೇತ್ ಯಂತ್ರದ ಮುಂದೆ ನಿಂತ ಕೆಲಸಗಾರರ ಬಾಯಿಗೆ ಬೀಗ ಹಾಕುವವರಾರು? ಮಾತು ಮುನಿಕೃಷ್ಣಪ್ಪನವರಿಗಿಂತ ಮೊದಲೇ ದಾಸರಹಳ್ಳಿ ಮುಟ್ಟಿತ್ತು. ಹೆಂಡತಿ ಮುನಿಯಲ್ಲಮ್ಮ ಅವತ್ತೇ ಬಟ್ಟೆ ಗಂಟು ಕಟ್ಟಿಕೊಂಡು ತಣಿಸಂದ್ರದ ಅಣ್ಣನ ಮನೆಗೆ ಹೋಗಿದ್ದಳು.

“ಯಾರೋ ಕೈ ಹಾಕಿದಾರೆ ಅಂತ ನೀವು ರಿಪೋರ್ಟ್ ಬರೆದುಕೊಟ್ರೆ ಸಾಕು, ಇವತ್ತೇ ಮನೆಗೆ ಕಳಿಸ್ತೀನಿ” ಎಂದ ತ್ರಿವಿಕ್ರಮ.

ನಾಗಮಣಿಗೆ ಪೂರ್ತಿ ನಂಬಿಕೆ ಬಂತು. ಜೀವನದಲ್ಲಿ ಯಾವುದನ್ನೂ ನಂಬದವರು ಇದನ್ನು ಮಾತ್ರ ಗಟಗಟನೆ ಕುಡಿದುಬಿಟ್ಟರು. ಕೆಟ್ಟ ಸುದ್ದಿಯಾದರೆ ಅನುಮಾನದವರಿಗೂ ಸಾಕ್ಷಿ ಬೇಕಾಗುವುದಿಲ್ಲ, ನೋಡಿ. ಗೇಟಿನ ಬಳಿಗೆ ಹೋಗಿ ವಿಚಾರಣೆಗೇ ನಿಂತರು.

“ಕೀಲಿ ನಿಮ್ಮ ಹತ್ರಾನೇ ಇತ್ತಾ?”

“ನನ್ ತಾವೇ ಇತ್ತು.”

“ಭಾನುವಾರ ಯಾಕೆ ಬರ್ತಿದ್ರಿ?”

“ಗೇಜ್‌ಗೊಳು ತುಕ್ಕಿಡೀತಾವಲ್ಲ, ಎಣ್ಣೆ ಆಕಕ್ಕೆ.”

“ಒಬ್ಬರೇನಾ?”

ಮುನಿಕೃಷ್ಣಪ್ಪ ತಲೆಯೆತ್ತಿ ಅವರ ಮುಖ ನೋಡಿದರು. ಉತ್ತರ ಕೊಡಲಿಲ್ಲ. ಆ ಮೌನವನ್ನು ನಾಗಮಣಿ ತಪ್ಪೊಪ್ಪಿಗೆ ಎಂದು ಮನಸ್ಸಿನಲ್ಲೇ ಬರೆದುಕೊಂಡು ಒಳಗೆ ಬಂದರು.

ಯಂತ್ರ ಸ್ಟೋರಿನ ಕಿಟಕಿಯ ಪಕ್ಕದ ಮೇಜಿನ ಮೇಲಿತ್ತು. ಕಿಟಕಿಗೆ ಗಾಜಿಲ್ಲ, ಬರೀ ಜಾಲರಿ. ಪೂರ್ವದ ಬಿಸಿಲು ನೇರ ಬೋರ್ಡಿನ ಮೇಲೆ. ತಗಡಿನ ಮಾಡಿನ ಸೆಕೆಗೆ ಯಂತ್ರ ಕಾಯುತ್ತದೆಂದು ತ್ರಿವಿಕ್ರಮನೇ ಮೇಲಿನ ಮುಚ್ಚಳವನ್ನು ತಿಂಗಳುಗಟ್ಟಲೆ ತೆಗೆದಿಟ್ಟಿದ್ದ. ನಾಗಮಣಿ ಕಾರ್ಡುಗಳನ್ನೆಲ್ಲ ಕಿತ್ತರು, ಸ್ವಿಚ್ ಹಾಕಿದರು. ಫ್ಯಾನು ತಿರುಗಿತು, ಸ್ಪೀಕರು ಸೊಲ್ಲೆತ್ತಲಿಲ್ಲ. ಪವರ್ ಸಪ್ಲೈ ಅಳೆದರು, ಸರಿಯಿತ್ತು. ಮೆಮೊರಿ ಬದಲಿಸಿದರು, ಆಗಲೂ ಮೂಕ. ಕೊನೆಗೆ ತಮ್ಮ ಚೀಲದ ಒಳ್ಳೆಯ ಬಯಾಸ್ ಚಿಪ್ಪನ್ನು ಕೂರಿಸಿದಾಗ ‘ಬೀಪ್’ ಎಂಬ ಒಂದೇ ಕೂಗು. ಕಾರ್ಡುಗಳು ಒಂದೊಂದಾಗಿ ಮರಳಿ ಸೇರಿದವು, ಪರದೆಯ ಮೇಲೆ ಅಂಕಿಗಳು ಓಡಿದವು.

ಕಿತ್ತ ಚಿಪ್ಪನ್ನು ತಿರುಗಿಸಿ ನೋಡಿದರೆ ಗಾಜಿನ ಕಿಟಕಿ ಬೆತ್ತಲೆ.

“ಇದರ ಮೇಲಿದ್ದ ಸ್ಟಿಕ್ಕರನ್ನ ಯಾರೋ ಕಿತ್ತಿದಾರೆ!” ಬಾಯಿಂದ ಮಾತು ಜಾರಿಯೇ ಹೋಯಿತು.

“ನಾನ್ ಹೇಳ್ಲಿಲ್ವಾ!” ಎಂದು ತ್ರಿವಿಕ್ರಮ ತೊಡೆ ತಟ್ಟಿ ಎದ್ದ. “ಬರೀರಿ ಮೇಡಂ, ಇದನ್ನೇ ಬರೀರಿ.”

ನಾಗಮಣಿ ಕಾಗದ ತೆಗೆದರು. ಬರೆಯುವ ಮುಂಚೆ, ಅಭ್ಯಾಸ ಬಿಡಲಾರದೆ, ಚಿಪ್ಪನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದರು. ಗಾಜಿನ ಸುತ್ತ ಒಣಗಿದ ಅಂಟಿನ ಒಂದು ಉಂಗುರ. ಅಂಟಿಗೆ ಸಿಕ್ಕಿಕೊಂಡ ಎರಡು ಮೂರು ಸಣ್ಣ ಎಳೆಗಳು. ಮರೂನ್ ಬಣ್ಣದವು.

ಅವರು ಕಾಗದವನ್ನು ಪಕ್ಕಕ್ಕೆ ಸರಿಸಿದರು.

“ನಿಮಗೆ ಸಿಕ್ಕ ವಸ್ತು ಯಾವುದು, ತೋರಿಸಿ.”

“ಬೇಡ ಮೇಡಂ, ನೀವು ನೋಡುವಂಥದ್ದಲ್ಲ...”

“ತೋರಿಸಿ ಅಂದೆ.”

ತ್ರಿವಿಕ್ರಮ ಡ್ರಾಯರಿನಿಂದ ಬೆಂಕಿಪೊಟ್ಟಣ ತೆಗೆದು, ಚೇಳು ಹಿಡಿದಿಟ್ಟವನಂತೆ ಮೆಲ್ಲಗೆ ಜರುಗಿಸಿದ. ಒಳಗೆ ಧೂಳು ಮೆತ್ತಿದ ಬೊಟ್ಟು. ಚಿಪ್ಪಿನ ಬಿಸಿಗೆ ಅಂಟು ಒಣಗಿ ಸಡಿಲವಾಗಿ, ಫ್ಯಾನಿನ ಗಾಳಿಗೆ ಹಾರಿ ಮೇಜಿನ ಕೆಳಗೆ ಬಿದ್ದದ್ದು. ಅಂದಿನಿಂದ ಬೆಳಗಿನ ಬಿಸಿಲು ದಿನಾ ಒಂದಿಷ್ಟು ಒಂದಿಷ್ಟಾಗಿ ಪಾಠವನ್ನು ಅಳಿಸುತ್ತಾ ಬಂದಿತ್ತು. ಕೆಡಿಸಿದವರು ಯಾರೂ ಇಲ್ಲ. ಇದ್ದರೆ ಅದು ಹಣೆಯ ಬೊಟ್ಟು ಅಂಟಿಸಿ ಹೋಗಿ ಮರೆತವರು.

ನಾಗಮಣಿ ಒಂದು ಲೋಟ ನೀರು ಕೇಳಿದರು. ಸತ್ಯ ಹೇಳಬೇಕೆಂದರೆ, ಆ ನೀರು ಕುಡಿಯುವಷ್ಟು ಹೊತ್ತು ಅವರು ಸುಳ್ಳಿನ ಕಡೆಗೇ ಇದ್ದರು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ನಾಳೆ ಯಶವಂತಪುರದಲ್ಲಿ ಎಲ್ಲರ ಬಾಯಲ್ಲಿ ‘ಬೊಟ್ಟಿನ ಇಂಜಿನಿಯರಮ್ಮ’. ಕೆಲಸ ಉಳಿದರೂ ಮರ್ಯಾದೆ ಉಳಿಯುವುದಿಲ್ಲ. ಗೇಟಿನ ಕಡೆ ನೋಡಿದರು. ಬೆಂಚಿನಲ್ಲಿ ಮುನಿಕೃಷ್ಣಪ್ಪ ಕೈ ಕಟ್ಟಿಕೊಂಡು ಕೂತಿದ್ದರು. ಕೀಲಿಯಿಲ್ಲದ ಸೊಂಟಕ್ಕೆ ಆಗಾಗ ಕೈ ಹೋಗುತ್ತಿತ್ತು. ಅದನ್ನು ನೋಡಿ ನಾಗಮಣಿ ಲೋಟ ಕೆಳಗಿಟ್ಟರು.

“ಇದು ನಂದು” ಎಂದರು.

ತ್ರಿವಿಕ್ರಮ ನಂಬಲಿಲ್ಲ. “ಪಾಪ ಅಂತ ಅವನ್ನ ಉಳಿಸಕ್ಕೆ ಹೇಳ್ತಿದೀರಾ” ಎಂದ. ನಾಗಮಣಿ ಆ ಬೊಟ್ಟನ್ನು ಚಿಪ್ಪಿನ ಗಾಜಿನ ಮೇಲಿಟ್ಟು, ಅಂಟಿನ ಉಂಗುರಕ್ಕೂ ಬೊಟ್ಟಿನ ಅಂಚಿಗೂ ಕೂದಲೆಳೆಯ ವ್ಯತ್ಯಾಸವಿಲ್ಲದ್ದನ್ನು ತೋರಿಸಿದರು. ಆಗ ಅವನು ನಕ್ಕ. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಲೇತಿನವರನ್ನೂ ಕರೆದು ಹೇಳಿ ನಗಿಸಿದ. ನಾಗಮಣಿ ಯಾರ ಮುಖವನ್ನೂ ನೋಡದೆ ರಿಪೋರ್ಟಿನಲ್ಲಿ ‘ತಪ್ಪು ರಿಪೇರಿಗೆ ಬಂದವರದು’ ಎಂದು ಬರೆದು ಸಹಿ ಹಾಕಿದರು. ಕಪ್ಪು ಸ್ಟಿಕ್ಕರ್ ಹಾಕಿ ಯಂತ್ರದ ಮುಚ್ಚಳ ಮುಚ್ಚಿದರು. ತ್ರಿವಿಕ್ರಮ ಕೀಲಿಯ ಗೊಂಚಲನ್ನು ಮುನಿಕೃಷ್ಣಪ್ಪನವರ ಮಡಿಲಿಗೆ ಹಾಕಿ, “ಮನಸ್ಸಿಗೆ ಹಚ್ಕೋಬೇಡಪ್ಪಾ” ಎಂದ.

ಮುನಿಕೃಷ್ಣಪ್ಪ ಮಾತ್ರ ನಗಲಿಲ್ಲ. ನಾಗಮಣಿ ಕ್ಷಮೆ ಕೇಳಿದಾಗ, “ನಂಗೇಳಿ ಏನ್ ಪ್ರಯೋಜನ? ತಣಿಸಂದ್ರಕ್ಕೋಗಿ ಏಳಿ” ಎಂದರು.

ಭಾನುವಾರ ನಾಗಮಣಿ ಹೆಬ್ಬಾಳದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ದ್ರಾಕ್ಷಿ ತೋಟಗಳ ಪಕ್ಕದ ಮಣ್ಣುರಸ್ತೆಯಲ್ಲಿ ನಡೆದು ತಣಿಸಂದ್ರದಲ್ಲಿ ಮುನಿಯಲ್ಲಮ್ಮನ ಅಣ್ಣ ಆಂಜಿನಪ್ಪನ ಮನೆ ಹುಡುಕಿದರು. ಮುನಿಯಲ್ಲಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಬಸ್ಸಿನಲ್ಲಿ ನಾಗಮಣಿ ಹತ್ತು ಸಲ ಮಾತು ಜೋಡಿಸಿಕೊಂಡಿದ್ದರು. ಆದರೂ ಬಾಯಿಂದ ಬಂದದ್ದು ಇಷ್ಟೇ: “ನಿಮ್ಮ ಯಜಮಾನರ ಸ್ಟೋರಿನಲ್ಲಿ ಸಿಕ್ಕಿದ್ದು ನಂದು ಕಣಮ್ಮಾ.”

ಗಂಡನನ್ನು ಅನುಮಾನಿಸುವ ಹೆಂಡತಿಯ ಮುಂದೆ ಇನ್ನೊಬ್ಬ ಹೆಂಗಸು ನಿಂತು ಆಡಬಾರದ ಮಾತು ಲೋಕದಲ್ಲಿ ಒಂದೇ ಒಂದಿದ್ದರೆ ಅದು ಇದೇ. ಮುನಿಯಲ್ಲಮ್ಮ ಮೊರ ಕೆಳಗಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಓಹೋ, ನೀನೇನಾ ಅವ್ಳು? ಬಳೆ ತಗಂಡೋಗಕ್ ಬಂದ್ಯಾ?”

“ಬಳೆ ಅಲ್ಲ, ಬೊಟ್ಟು...”

“ಬಳೆ ಅಂತಂದ್ರು! ಬೊಟ್ಟು ಬೇರೇನಾ?”

ನಾಗಮಣಿ ಅಂಗಳದಲ್ಲೇ ಕೂತು ಚಿಪ್ಪಿನ ಕಥೆ ಹೇಳಿದರು. ಕಿಟಕಿ, ಬಿಸಿಲು, ಅಳಿಸಿಹೋದ ಪಾಠ. ಹೇಳುತ್ತಾ ಹೇಳುತ್ತಾ ಅವರಿಗೇ ಅದು ಕಟ್ಟುಕಥೆಯಂತೆ ಕೇಳಿಸತೊಡಗಿತು. ತಾವೇ ಮುನಿಯಲ್ಲಮ್ಮನ ಜಾಗದಲ್ಲಿದ್ದಿದ್ದರೆ ಒಂದಕ್ಷರವನ್ನೂ ನಂಬುತ್ತಿರಲಿಲ್ಲ.

“ಡಬ್ಬಕ್ಕೆ ಬೊಟ್ಟಿಟ್ಲಂತೆ, ಅದ್ನ ಬಿಸ್ಲು ತಿಂತಂತೆ” ಎಂದಳು ಮುನಿಯಲ್ಲಮ್ಮ. “ಸರಿ, ಒಂದ್ ಮಾತೇಳು. ಆವಯ್ಯ ಇಂಗಿಂಗೆ ಮಾಡವ್ನೆ ಅಂತ ನಿನ್ ಕಿವಿಗ್ ಬಿದ್ದಾಗ ನೀನೇನಂದ್ಕಂಡೆ?”

ಇಲ್ಲಿ ಸುಳ್ಳು ಹೇಳುವುದು ಸುಲಭವಿತ್ತು. ನಾಗಮಣಿ ತಲೆ ತಗ್ಗಿಸಿದರು. “ನಾನೂ ನಂಬಿದೆ. ಛೀ, ಇಂಥ ಗಂಡಸಾ ಅಂದ್ಕೊಂಡೆ. ಪೊಲೀಸರ ತರ ನಿಲ್ಲಿಸ್ಕೊಂಡು ಪ್ರಶ್ನೆ ಕೇಳ್ದೆ.”

ಮುನಿಯಲ್ಲಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಇಳಿಬಿಟ್ಟಳು. “ಸಂಬಂದ ಇದ್ದೋಳಾಗಿದ್ರೆ ಅಂಗಂದ್ಕತಿರ್ಲಿಲ್ಲ ಬಿಡಿ. ನೀವೂ ನನ್ನಂಗೇ.” ಒಳಗೆ ಹೋಗಿ ಬಟ್ಟೆ ಗಂಟು ತಂದಳು.

ಇಬ್ಬರೂ ದಾಸರಹಳ್ಳಿ ಮುಟ್ಟುವಾಗ ಮಧ್ಯಾಹ್ನ. ಮುನಿಕೃಷ್ಣಪ್ಪ ಬಾಗಿಲಲ್ಲಿ ಕೂತು ಒಬ್ಬರೇ ಉಣ್ಣುತ್ತಿದ್ದರು. ಹೆಂಡತಿಯನ್ನು ನೋಡಿ ಏಳಲಿಲ್ಲ. ತಟ್ಟೆಯಲ್ಲಿದ್ದುದನ್ನು ಮುಗಿಸಿ, ಕೈ ತೊಳೆದು ಬಂದರು. ನಾಗಮಣಿಗೆ ಚಾಪೆ ಹಾಕಿ ನೀರು ಕೊಟ್ಟರು.

“ಎಲ್ಲಾ ತಿಳೀತು. ಇವಮ್ಮ ಏಳಿದ್ರು” ಎಂದಳು ಮುನಿಯಲ್ಲಮ್ಮ ಸಣ್ಣ ದನಿಯಲ್ಲಿ.

“ನೀವು ಆಸಾಡದಾಗೆ ಬಂದ್ರಲ್ಲ ಅಮ್ಮಾ” ಎಂದು ಮುನಿಕೃಷ್ಣಪ್ಪ ನಾಗಮಣಿಯ ಕಡೆಗೇ ತಿರುಗಿದರು. “ಸುಕ್ರವಾರ. ಅಸ್ರು ಸೀರೆ. ಒಳೀಕ್ ಬರೋವಾಗ ಅಣೆ ಮ್ಯಾಲೆ ಕೆಂಪ್ನೆ ಬೊಟ್ಟಿತ್ತು, ಕಡ್ಲೆಕಾಳಿಗಿಂತ ಒಸಿ ದೊಡ್ದು. ಆಚಿಕ್ ಓಗೋವಾಗ ಬರಿ ಅಣೆ. ನೋಡಿ, ಕೇಳೋದ್ ಸರಿಯಲ್ಲ ಅಂತ ಸುಮ್ನಾದೆ.”

ಮುನಿಯಲ್ಲಮ್ಮ ಗಂಟು ಹಿಡಿದೇ ನಿಂತಿದ್ದವಳು ಹುಬ್ಬು ಗಂಟಿಕ್ಕಿದಳು. “ಇವಮ್ಮನ ಅಣೇನ ಅಷ್ಟ್ ಸಂದಾಗ್ ನೋಡಿದ್ಯಾ?”

“ಒಳೀಕೇನ್ ಬಂತು, ಆಚಿಕೇನ್ ಓಯ್ತು, ನೋಡೋದೇ ನನ್ ಕೆಲ್ಸ ಕಣೆ” ಎಂದರು ಮುನಿಕೃಷ್ಣಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವು ಮಾತ್ರ ಇತ್ತು. “ಯಜಮಾನ್ರು ಎಂಗಸಿನ ವಸ್ತು ಅಂದ್ರು. ಲೇತಿನೋರು ಊವು ಅಂದ್ರು. ನೀನು ಬಳೆ ಅಂದೆ. ನೀವು ಒಬ್ನೇನಾ ಅಂದ್ರಿ. ಒಬ್ರಾದ್ರೂ ಅದ್ನ ನನ್ ಕೈಗ್ ಕೊಟ್ಟು, ಇದ್ ಯಾರ್ದು ಮುನಿಕೃಷ್ಣಪ್ಪಾ ಅಂತ ಕೇಳಿದ್ರೆ, ನಿಂತ್ ನಿಲುವ್ನಾಗೆ ಏಳ್ತಿದ್ದೆ.”

ನಾಗಮಣಿಯ ಕೈಯಲ್ಲಿ ನೀರಿನ ಲೋಟವಿತ್ತು. ಅದನ್ನು ಕುಡಿಯುವುದಕ್ಕೂ ಆಗಲಿಲ್ಲ, ಕೆಳಗಿಡುವುದಕ್ಕೂ ಆಗಲಿಲ್ಲ.

“ಯಾರೂ ಕೇಳ್ನಿಲ್ಲ” ಎಂದರು ಮುನಿಕೃಷ್ಣಪ್ಪ.